ಒಂದೇ ತಂತಿ, ಮೂರು ಸ್ಥಳ: ಮನೆಯಲ್ಲಿ ಮಾಡಿದ ಏರಿಯಲ್ಲುಗಳ ಪರೀಕ್ಷೆ



ಶಾಲೆಯ ಸ್ಮರಣ ಸಂಚಿಕೆಯಲ್ಲಿ ನೆನಪುಗಳಿಗೆ ಹೆಚ್ಚು ಸ್ಥಳ ದೊರೆಯುವದು ಸಹಜವೇ. ಆದರೆ ಶಾಲೆಯ ಹೆಸರಿನಿಂದ ಹೊರಡುವ ಪುಸ್ತಕದಲ್ಲಿ ಒಂದು ಪಾಠವಾದರೂ ಇರತಕ್ಕದ್ದೆಂದು ನಂಬಿ, ಈ ಲೇಖನವನ್ನು ಪಾಠದ ರೂಪದಲ್ಲಿಯೇ ಬರೆದಿರುತ್ತೇನೆ. ವಿಷಯವು ಹವ್ಯಾಸಿ ರೇಡಿಯೋ. ಲಾಭಕ್ಕಾಗಿ ಅಲ್ಲದೆ, ಕಲಿಕೆಗಾಗಿಯೂ ಸ್ನೇಹಕ್ಕಾಗಿಯೂ ಆಪತ್ಕಾಲದ ಸೇವೆಗಾಗಿಯೂ, ಸರಕಾರದ ಪರವಾನಿಗೆಯನ್ನು ಪಡೆದು, ಸ್ವಂತ ಯಂತ್ರದ ಮೂಲಕ ದೂರದವರೊಡನೆ ಮಾತಾಡುವ ವಿದ್ಯೆಗೆ ಈ ಹೆಸರಿದೆ. ಇದನ್ನು ನಡಿಸುವವರನ್ನು ಲೋಕದಲ್ಲೆಲ್ಲ ‘ಹ್ಯಾಮ್’ ಎಂದು ಕರೆಯುತ್ತಾರೆ. ಈ ವಿದ್ಯೆಯ ಒಂದೇ ಪ್ರಶ್ನೆಯನ್ನು ಇಲ್ಲಿ ತೆಗೆದುಕೊಳ್ಳೋಣ: ಮನೆಯಲ್ಲಿಯೇ ಮಾಡಿದ ಏರಿಯಲ್ಲನ್ನು, ಅಂದರೆ ಆಂಟೆನಾವನ್ನು, ನಮ್ಮ ಮನೆ ಹಿತ್ತಲು ಹೊಲಗಳೊಳಗೆ ಎಲ್ಲಿ ಕಟ್ಟಿದರೆ ಉತ್ತಮ? ಪ್ರಶ್ನೆಯು ಚಿಕ್ಕದು. ಅದಕ್ಕೆ ಸತ್ಯವಾದ ಉತ್ತರವನ್ನು ಹುಡುಕುವ ಕ್ರಮವಾದರೋ ಚಿಕ್ಕದಲ್ಲ.

1. ಎತ್ತರವೂ ನಿಶ್ಶಬ್ದವೂ

ರಾಣೇಬೆನ್ನೂರು ತಾಲೂಕಿನ ದೇವರಗುಡ್ಡವನ್ನು ಅರಿಯದವರು ನಮ್ಮ ವಾಚಕರಲ್ಲಿ ವಿರಳ. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳ ಜನರಿಗೆ ಅದು ರೈಲುದಾರಿಯ ಒಂದು ನಿಲ್ದಾಣದ ಹೆಸರೂ ಹೌದು, ಮಾಲತೇಶ ದೇವರ ಗುಡ್ಡವೂ ಹೌದು. ದಸರೆಯ ಸಮಯದಲ್ಲಿ ಅಲ್ಲಿ ಗೊರವಯ್ಯನು ಎತ್ತರವಾದ ಬಿಲ್ಲನ್ನೇರಿ ಕಾರ್ಣಿಕವನ್ನು ನುಡಿಯುವನು. ನುಡಿಯುವದಕ್ಕೆ ಮೊದಲು ‘ಸದ್ದಲೇ’ ಎಂದು ಕೂಗುವನು; ನೆರೆದ ಜನಸಮೂಹವು ತಟ್ಟನೆ ಮೌನವಾಗುವದು. ಆ ನುಡಿಯ ಅರ್ಥವನ್ನು ವಿಚಾರಿಸುವದು ಈ ಪಾಠದ ಕೆಲಸವಲ್ಲ. ಆದರೆ ಒಂದು ಧ್ವನಿಯು ದೂರದವರಿಗೆ ಮುಟ್ಟಬೇಕಾದರೆ ಎರಡು ಅನುಕೂಲಗಳು ಬೇಕೆಂಬುದನ್ನು ಆ ಏರ್ಪಾಡು ಎಲ್ಲರ ಕಣ್ಣಿಗೆ ಕಾಣುವಂತೆ ತೋರಿಸುವದು. ಧ್ವನಿಯು ಎತ್ತರದಿಂದ ಹೊರಡಬೇಕು. ಕೇಳುವವರ ಸುತ್ತಲು ಗದ್ದಲವಿರಬಾರದು.

ಏರಿಯಲ್ಲಿಗೂ ಇವೆರಡೇ ಬೇಕು. ತೊಂದರೆಯೇನಂದರೆ, ಅನೇಕ ಮನೆಗಳಲ್ಲಿ ಇವೆರಡೂ ಒಂದೇ ತಾವಿನಲ್ಲಿ ದೊರೆಯುವದಿಲ್ಲ. ಎತ್ತರವು ಮನೆಯ ಮಾಳಿಗೆಯ ಮೇಲೆ ಸಿಕ್ಕುವದು. ಆದರೆ ವಿದ್ಯುತ್ತಿನ ಸಾಮಾನುಗಳಿಂದ ಹುಟ್ಟುವ ರೇಡಿಯೋ ಗದ್ದಲವು ಅಲ್ಲಿಯೇ ಹೆಚ್ಚು. ಎಲ್‌ಇಡಿ ದೀಪ, ಮೊಬೈಲ್ ಚಾರ್ಜರ್, ಇನ್‌ವರ್ಟರ್, ಟಿವಿ ಇವೆಲ್ಲವೂ ನಮ್ಮ ಕಿವಿಗೆ ಮೌನವಾಗಿದ್ದರೂ ರೇಡಿಯೋದ ಕಿವಿಗೆ ಸಂತೆಯ ಗಲಾಟೆಯಂತೆ ಇರಬಹುದು. ಹೊಲದ ಬದುವಿನಲ್ಲಿ ಈ ಗಲಾಟೆಯಿಲ್ಲ. ಆದರೆ ಅಲ್ಲಿ ಎತ್ತರವಿಲ್ಲ. ಹಾಗಾದರೆ ಯಾವದನ್ನು ಆರಿಸಬೇಕು?

2. ಸ್ಥಳವನ್ನು ಆರಿಸಿದ ಹಿರಿಯರು

ಈ ಪ್ರಶ್ನೆಯು ರೇಡಿಯೋದಷ್ಟೇ ಹಳೆಯದು. 1901ರ ಡಿಸೆಂಬರದಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಯಿಂದ ಬರುವ ಸಂಕೇತವನ್ನು ಕೇಳಲು ನ್ಯೂಫೌಂಡ್‌ಲ್ಯಾಂಡಿನ ಸಿಗ್ನಲ್ ಹಿಲ್ ಎಂಬ ಗುಡ್ಡವನ್ನು ಆರಿಸಿದನು. ಗುಡ್ಡದ ಎತ್ತರವೂ ಸಾಲದೆಂದು ಸುಮಾರು 150 ಮೀಟರ್ ಉದ್ದದ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಮೇಲಕ್ಕೆ ಹಾರಿಸಿದನು.

ನಮ್ಮ ನಾಡಿನಲ್ಲಿಯೂ ಮನೆಯ ಅಂಗಳದಿಂದ ರೇಡಿಯೋ ಹೊರಟ ದೃಷ್ಟಾಂತವಿದೆ. 1935ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ವಿಠಲ ವಿಹಾರವೆಂಬ ಮನೆಯಲ್ಲಿ ಒಂದು ಚಿಕ್ಕ ಪ್ರಸಾರ ಯಂತ್ರವನ್ನಿಟ್ಟು ‘ಆಕಾಶವಾಣಿ’ಯನ್ನು ಆರಂಭಿಸಿದರು. ಮುಂದೆ ದೇಶದ ಬಾನುಲಿಗೆಲ್ಲ ಅದೇ ಹೆಸರಾಯಿತು. ಒಂದು ಮನೆಯೂ ಒಬ್ಬ ಉಪಾಧ್ಯಾಯರ ಉತ್ಸಾಹವೂ ಎಷ್ಟು ದೂರ ಮುಟ್ಟಬಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಿಶ್ಶಬ್ದವನ್ನೇ ಮುಖ್ಯವಾಗಿಟ್ಟು ಸ್ಥಳವನ್ನಾರಿಸಿದವರೂ ನಮ್ಮಲ್ಲಿದ್ದಾರೆ. ಗೌರಿಬಿದನೂರಿನ ಹತ್ತಿರ ವಿಜ್ಞಾನಿಗಳು 34.5 ಮೆಗಾಹರ್ಟ್ಸ್ ಆವರ್ತನದಲ್ಲಿ ನಕ್ಷತ್ರಲೋಕದ ಕ್ಷೀಣ ಧ್ವನಿಯನ್ನು ಕೇಳುವದಕ್ಕಾಗಿ ನಗರದ ಗದ್ದಲದಿಂದ ದೂರವಾದ ಬಯಲಿನಲ್ಲಿ 1,000 ಏರಿಯಲ್ಲುಗಳನ್ನು ಸಾಲಾಗಿ ನಿಲ್ಲಿಸಿದರು. ಪೂರ್ವ ಪಶ್ಚಿಮದ ಸಾಲಿನಲ್ಲಿ 640, ದಕ್ಷಿಣದ ಸಾಲಿನಲ್ಲಿ 360. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದ ಬ್ಯಾಲಾಳಿನಲ್ಲಿ, 2008ರ ಚಂದ್ರಯಾನದ ಸಲುವಾಗಿ ಇಸ್ರೋ ಸಂಸ್ಥೆಯು 32 ಮೀಟರ್ ಅಗಲದ ಮಹಾ ಆಂಟೆನಾವನ್ನು ಕಟ್ಟಿದ್ದು ಗುಡ್ಡದ ತುದಿಯಲ್ಲಲ್ಲ. ಬಟ್ಟಲಿನಂತೆ ಸುತ್ತಲೂ ದಿಬ್ಬಗಳಿರುವ ತಗ್ಗಿನಲ್ಲಿ. ಅದು ನೋಡಬೇಕಾದದ್ದು ನೆತ್ತಿಯ ಮೇಲಿನ ಆಕಾಶವನ್ನು. ನೆಲದ ಮೇಲಿನ ಗದ್ದಲಕ್ಕೆ ದಿಬ್ಬಗಳು ಗೋಡೆಯಾಗುವವು.

ಇದರಿಂದ ಮೊದಲನೆಯ ಸೂತ್ರವು ದೊರೆಯಿತು: ಎಲ್ಲಾ ಕೆಲಸಕ್ಕೂ ಉತ್ತಮವಾದ ಸ್ಥಳವೆಂಬುದಿಲ್ಲ, ಯಾರೊಡನೆ ಮಾತಾಡಬೇಕೆಂಬುದನ್ನು ಮೊದಲು ನಿಶ್ಚಯಿಸಬೇಕು.

3. ತಂತಿಯ ಅಳತೆ

ಅಲೆಯ ಉದ್ದಕ್ಕೂ ಏರಿಯಲ್ಲಿನ ಉದ್ದಕ್ಕೂ ಸಂಬಂಧವಿದೆ. 300 ಎಂಬ ಅಂಕೆಯನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿದರೆ ತರಂಗಾಂತರವು ಮೀಟರುಗಳಲ್ಲಿ ದೊರೆಯುವದು. 1950ರ ಜನವರಿ 8ರಂದು ಆರಂಭವಾದ ಧಾರವಾಡದ ನಿಲಯವನ್ನು 765 ಕಿಲೋಹರ್ಟ್ಸಿನಲ್ಲಿ ಕೇಳುತ್ತ ಬೆಳೆದವರು ನಮ್ಮಲ್ಲಿ ಅನೇಕರು. 765 ಕಿಲೋಹರ್ಟ್ಸ್ ಅಂದರೆ 0.765 ಮೆಗಾಹರ್ಟ್ಸ್, 300ನ್ನು ಅದರಿಂದ ಭಾಗಿಸಿದರೆ ಸುಮಾರು 392 ಮೀಟರ್. ಆ ಅಲೆಯು ಒಂದು ದೊಡ್ಡ ಹೊಲದಷ್ಟು ಉದ್ದ! ಹವ್ಯಾಸಿಗಳಿಗೆ ಪ್ರಿಯವಾದ 7.1 ಮೆಗಾಹರ್ಟ್ಸಿನ ಅಲೆಯು ಸುಮಾರು 42 ಮೀಟರ್. ಆದ್ದರಿಂದ ಅದಕ್ಕೆ ‘40 ಮೀಟರ್ ಬ್ಯಾಂಡ್’ ಎಂದು ರೂಢಿಯ ಹೆಸರು.

ಅತ್ಯಂತ ಸರಳವಾದ ಏರಿಯಲ್ಲಿಗೆ ಡೈಪೋಲ್ ಎಂದು ಹೆಸರು. ಅದರ ಉದ್ದವು ಅಲೆಯ ಅರ್ಧಕ್ಕಿಂತ ತುಸು ಕಡಿಮೆ. ಲೆಕ್ಕಕ್ಕೆ 143 ಎಂಬ ಅಂಕೆಯನ್ನು ಮೆಗಾಹರ್ಟ್ಸ್ ಸಂಖ್ಯೆಯಿಂದ ಭಾಗಿಸಿರಿ. 7.1ಕ್ಕೆ ಸುಮಾರು 20.1 ಮೀಟರ್ ಬರುವದು. ಅದನ್ನು ನಡುವೆ ಎರಡಾಗಿ ಮಾಡಿದರೆ ಒಂದೊಂದು ತೋಳು 10 ಮೀಟರಿಗಿಂತ ತುಸು ಹೆಚ್ಚು. ಮನೆಗೆ ವಯರಿಂಗ್ ಮಾಡುವ ತಾಮ್ರದ ತಂತಿ ಸಾಕು. ನಡುವೆ ಪ್ಲಾಸ್ಟಿಕ್ ಪೈಪಿನ ತುಂಡು, ಎರಡು ತುದಿಗಳಿಗೆ ನೈಲಾನ್ ಹಗ್ಗ, ನಡುವಿನಿಂದ ಯಂತ್ರದವರೆಗೆ ಕೋಯಾಕ್ಸ್ ಕೇಬಲ್, ಇಷ್ಟೇ ಸಾಮಗ್ರಿ. ಮೊದಲು ಪ್ರತಿ ತೋಳಿಗೂ ಒಂದು ಗೇಣು ಹೆಚ್ಚು ಬಿಟ್ಟು, ಮೇಲೆ ಕಟ್ಟಿದ ತರುವಾಯ, ಹಿಂದಿರುಗುವ ಶಕ್ತಿಯನ್ನು ತೋರಿಸುವ ಎಸ್.ಡಬ್ಲ್ಯು.ಆರ್. ಮೀಟರನ್ನು ನೋಡುತ್ತ ಸ್ವಲ್ಪಸ್ವಲ್ಪವಾಗಿ ಕತ್ತರಿಸಬೇಕು. ಎತ್ತರವು ಬದಲಾದರೆ ಈ ಅಳತೆಯೂ ತುಸು ಬದಲಾಗುವದು. ಆದಕಾರಣ ಪ್ರತಿಯೊಂದು ಸ್ಥಳದಲ್ಲಿಯೂ ಇದನ್ನು ಹೊಸದಾಗಿ ಸರಿಪಡಿಸತಕ್ಕದ್ದು.

4. ಸಮನಾದ ಪರೀಕ್ಷೆ

ಈಗ ದೇವರಗುಡ್ಡದ ಸುತ್ತಿನ ಒಂದು ಒಕ್ಕಲುಮನೆಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿರಿ. ಮನೆಯ ಮಾಳಿಗೆ ಒಂದು ಸ್ಥಳ. ಹಿತ್ತಲಿನ ಬೇವಿನ ಮರ ಎರಡನೆಯದು. ಗೋವಿನಜೋಳದ ಹೊಲದ ಬದುವಿನಲ್ಲಿ ನೆಟ್ಟ ಎರಡು ಬಿದಿರಿನ ಗಳಗಳು ಮೂರನೆಯದು. ಮನೆಯ ಬದಿಯಲ್ಲಿ ತಗಡು ಹೊದಿಸಿದ ದನದ ಕೊಟ್ಟಿಗೆಯಿದೆ. ಬಾವಿಯ ಹತ್ತಿರ ಪಂಪ್‌ಸೆಟ್ ಇದೆ. ಮೂರರಲ್ಲಿ ಯಾವದು ಉತ್ತಮ?

‘ಸೋಮವಾರ ಮಾಳಿಗೆಯ ಮೇಲೆ ಕಟ್ಟಿದೆವು, ಚೆನ್ನಾಗಿ ಕೇಳಿಸಿತು, ಬುಧವಾರ ಬದುವಿನಲ್ಲಿ ಕಟ್ಟಿದೆವು, ಅಷ್ಟು ಕೇಳಿಸಲಿಲ್ಲ’ ಎಂದು ಹೇಳಿದರೆ ಅದು ಪರೀಕ್ಷೆಯಲ್ಲ. ಸೋಮವಾರದ ಆಕಾಶವು ಬುಧವಾರದ ಆಕಾಶವಲ್ಲ. ಭೂಮಿಯ ಮೇಲೆ ಸುಮಾರು 200ರಿಂದ 400 ಕಿಲೋಮೀಟರ್ ಎತ್ತರದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಂಶವನ್ನು ಪಡೆದ ಗಾಳಿಯ ಪದರವಿದೆ. ರೇಡಿಯೋ ಅಲೆಗಳು ಅದಕ್ಕೆ ತಗಲಿ ಕೆಳಕ್ಕೆ ಬಾಗಿ ಬರುವವು. ಆ ಪದರವು ಹೊತ್ತುಹೊತ್ತಿಗೆ ಬದಲಾಗುತ್ತಿರುವದರಿಂದ ಧ್ವನಿಯು ಒಂದೇ ನಿಮಿಷದೊಳಗೆ ಏರುವದೂ ಇಳಿಯುವದೂ ಉಂಟು.

ಈ ಸಂಗತಿಯನ್ನು ನಮ್ಮ ಸೀಮೆಯ ಒಕ್ಕಲಿಗರಿಗೆ ಹೆಚ್ಚಾಗಿ ವಿವರಿಸಬೇಕಾಗಿಲ್ಲ. ರಾಣೇಬೆನ್ನೂರು ಬೀಜದ ವ್ಯಾಪಾರಕ್ಕೆ ಹೆಸರಾದ ಊರು. ಬ್ಯಾಡಗಿಯು ಮೆಣಸಿನಕಾಯಿಗೆ ಹೆಸರಾದದ್ದು. ಒಂದು ಬೀಜವನ್ನು ಎರೆಹೊಲದಲ್ಲಿಯೂ ಮತ್ತೊಂದನ್ನು ಮಸಾರಿ ಹೊಲದಲ್ಲಿಯೂ ಬಿತ್ತಿ, ‘ಈ ಬೀಜವೇ ಮೇಲು’ ಎಂದು ಯಾವ ಜಾಣ ರೈತನಾದರೂ ಹೇಳುವನೇ? ಒಂದೇ ಹೊಲ, ಒಂದೇ ಮಳೆ, ಒಂದೇ ಗೊಬ್ಬರ, ಪಕ್ಕಪಕ್ಕದ ಸಾಲು. ಬೀಜ ಮಾತ್ರ ಬೇರೆ. ಹಾಗಿದ್ದರೆ ಮಾತ್ರ ಬೆಳೆಯ ಭೇದವು ಬೀಜದ ಭೇದವೆಂದು ಹೇಳಲು ಬರುವದು. ನಮ್ಮ ಪರೀಕ್ಷೆಯಲ್ಲಿ ಇದು ತಲೆಕೆಳಗಾಗಿದೆ: ಬೀಜವೊಂದೇ, ಹೊಲ ಬೇರೆ. ಆದರೆ ನಿಯಮವು ಅದೇ. ಒಂದು ಸಾರಿಗೆ ಒಂದನ್ನು ಮಾತ್ರ ಬದಲಿಸಬೇಕು.

ಆದ್ದರಿಂದ ಹೀಗೆ ಮಾಡತಕ್ಕದ್ದು. ಒಂದೇ ಸುರುಳಿಯ ತಂತಿಯಿಂದ ಒಂದೇ ಅಳತೆಯ ಎರಡು ಡೈಪೋಲುಗಳನ್ನು ಮಾಡಿರಿ. ಎರಡಕ್ಕೂ ಒಂದೇ ಜಾತಿಯ, ಒಂದೇ ಉದ್ದದ ಕೇಬಲ್ ಇರಲಿ. ಒಂದು ಸ್ಥಳವು ಹತ್ತಿರವಾಗಿದ್ದರೂ ಕೇಬಲನ್ನು ಗಿಡ್ಡ ಮಾಡಬಾರದು. ಎರಡೂ ತಂತಿಗಳು ಒಂದಕ್ಕೊಂದು 20 ಮೀಟರಿಗಿಂತ ದೂರವಿರಲಿ. ಹತ್ತಿರವಿದ್ದರೆ ಒಂದರ ಶಕ್ತಿಯನ್ನು ಮತ್ತೊಂದು ಹೀರಿಕೊಳ್ಳುವದು. ಎರಡೂ ಒಂದೇ ದಿಕ್ಕಿಗೆ ಚಾಚಿರಲಿ. ಎರಡು ಕೇಬಲುಗಳನ್ನೂ ಒಂದು ಸ್ವಿಚ್ಚಿಗೆ ಕೂಡಿಸಿ, ಒಂದೇ ಧ್ವನಿಯನ್ನು ಕೇಳುತ್ತ, ಕ್ಷಣಕ್ಷಣಕ್ಕೆ ಅತ್ತ ಇತ್ತ ತಿರುಗಿಸಿರಿ. ಮೊದಲು ಮಾಳಿಗೆಗೂ ಬೇವಿನ ಮರಕ್ಕೂ, ಮರುದಿವಸ ಗೆದ್ದದ್ದಕ್ಕೂ ಬದುವಿಗೂ ಹೋಲಿಕೆ ನಡೆಯಲಿ.

ಇನ್ನೊಂದು ಎಚ್ಚರವುಂಟು. ನಾವು ಕಷ್ಟಪಟ್ಟು ಕಟ್ಟಿದ ತಂತಿಯೇ ಗೆಲ್ಲಲೆಂಬ ಆಸೆಯು ಕಿವಿಯನ್ನು ವಂಚಿಸುವದು. ಆದಕಾರಣ ಅಕ್ಕನು ಸ್ವಿಚ್ಚನ್ನು ತಿರುಗಿಸಲಿ. ತಂಗಿಯು ಯಾವ ತಂತಿಯೆಂದು ತಿಳಿಯದೆ ಮೀಟರನ್ನು ಓದಿ ಬರೆಯಲಿ. ಕೊನೆಯಲ್ಲಿ ಎರಡು ತಂತಿಗಳನ್ನೇ ಅದಲುಬದಲು ಮಾಡಿ ಪುನಃ ಪರೀಕ್ಷಿಸಿರಿ. ಭೇದವು ಸ್ಥಳದೊಂದಿಗೆ ನಿಂತರೆ ಅದು ಸ್ಥಳದ ಗುಣ. ತಂತಿಯ ಹಿಂದೆ ಹೋದರೆ ತಂತಿಯ ಕೀಲಿನಲ್ಲಿ ಏನೋ ದೋಷವಿದೆ.

5. ಏನನ್ನು ಬರೆದುಕೊಳ್ಳಬೇಕು?

ಯಂತ್ರದ ಮೇಲಿನ ‘ಎಸ್’ ಮೀಟರಿನಲ್ಲಿ 1ರಿಂದ 9ರ ವರೆಗೆ ಅಂಕೆಗಳಿರುವವು. ಒಂದು ಅಂಕೆ ಏರಿದರೆ ಶಕ್ತಿಯು ನಾಲ್ಕು ಪಟ್ಟಾಯಿತೆಂದು ಒಪ್ಪಿದ ಲೆಕ್ಕ. ಎಲ್ಲಾ ಮೀಟರುಗಳೂ ಇದನ್ನು ನಿಷ್ಠೆಯಿಂದ ಪಾಲಿಸುವದಿಲ್ಲವಾದರೂ ಹೋಲಿಕೆಗೆ ಅದು ಸಾಕು. ಅನೇಕರು ಬರೇ ಧ್ವನಿಯ ಬಲವನ್ನು ಬರೆದುಕೊಳ್ಳುವರು. ಅದು ಅರ್ಧ ಸತ್ಯ. ಯಾರೂ ಮಾತಾಡದಿರುವಾಗ ಮೀಟರು ಎಲ್ಲಿ ನಿಲ್ಲುವದೋ ಅದು ಗದ್ದಲದ ಅಂಕೆ, ಅದನ್ನೂ ಬರೆಯಬೇಕು.

ದೃಷ್ಟಾಂತಕ್ಕೆ, ಮಾಳಿಗೆಯ ಮೇಲೆ ಧ್ವನಿ 8, ಗದ್ದಲ 6 ಎಂದಿರಲಿ. ಬದುವಿನಲ್ಲಿ ಧ್ವನಿ 7, ಗದ್ದಲ 3 ಎಂದಿರಲಿ. ಬಲವನ್ನೇ ನೋಡಿದರೆ ಮಾಳಿಗೆಯು ಗೆದ್ದಿತು. ಆದರೆ ಮಾಳಿಗೆಯಲ್ಲಿ ಧ್ವನಿಯು ಗದ್ದಲಕ್ಕಿಂತ 2 ಅಂಕೆ ಮೇಲಿದೆ; ಬದುವಿನಲ್ಲಿ 4 ಅಂಕೆ ಮೇಲಿದೆ. ಎರಡು ಅಂಕೆಗಳ ಲಾಭವೆಂದರೆ ನಾಲ್ಕು ಪಟ್ಟಿನ ನಾಲ್ಕು ಪಟ್ಟು, ಅಂದರೆ 16 ಪಟ್ಟು. ಮಾಳಿಗೆಯ ತಂತಿಯಲ್ಲಿ ಅಷ್ಟೇ ಸ್ಪಷ್ಟವಾಗಿ ಕೇಳಬೇಕಾದರೆ ಆಚೆಯವನು 16 ಪಟ್ಟು ಶಕ್ತಿಯ ಯಂತ್ರವನ್ನು ಕೊಳ್ಳಬೇಕಾಗುವದು! ಆದರೆ ನಾವು ಮಾತಾಡುವಾಗ ನಮ್ಮ ಮನೆಯ ಗದ್ದಲವು ಆಚೆಯವನನ್ನು ಬಾಧಿಸುವದಿಲ್ಲ. ಆಗ ಒಂದು ಅಂಕೆ ಬಲವುಳ್ಳ ಮಾಳಿಗೆಯೇ ಮೇಲು. ಆದ್ದರಿಂದ ಹೇಳುವದಕ್ಕೆ ಮಾಳಿಗೆಯ ತಂತಿಯನ್ನೂ ಕೇಳುವದಕ್ಕೆ ಬದುವಿನ ತಂತಿಯನ್ನೂ ಇಟ್ಟುಕೊಳ್ಳುವ ಹವ್ಯಾಸಿಗಳಿದ್ದಾರೆ.

ನೋಟುಬುಕ್ಕಿನಲ್ಲಿ ತಾರೀಖು, ಗಂಟೆ, ಆಚೆಯ ಊರು, ಸ್ಥಳ, ಧ್ವನಿ, ಗದ್ದಲ, ಪಂಪ್‌ಸೆಟ್ ನಡೆಯುತ್ತಿತ್ತೋ ನಿಂತಿತ್ತೋ, ಇಷ್ಟೂ ಇರಲಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಒಂದೊಂದು ಹೊತ್ತಿನಲ್ಲಿಯೂ ಹತ್ತು ಸಾರಿಯಾದರೂ ಓದಿ ಸರಾಸರಿ ತೆಗೆಯಿರಿ.

ಈಗಿನ ಕಾಲದಲ್ಲಿ ಇನ್ನೊಂದು ಉಪಾಯವೂ ದೊರೆತಿದೆ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಜೋಸೆಫ್ ಟೇಲರ್ ಎಂಬವರು ಸ್ವತಃ ಹವ್ಯಾಸಿ. ಅವರು 2008ರಲ್ಲಿ ‘ವಿಸ್ಪರ್’, ಅಂದರೆ ಪಿಸುಮಾತು, ಎಂಬ ಕ್ರಮವನ್ನು ಪ್ರಕಟಿಸಿದರು. ಅತ್ಯಲ್ಪ ಶಕ್ತಿಯ ಯಂತ್ರವು ಸುಮಾರು ಎರಡು ನಿಮಿಷದ ಸಂಕೇತವನ್ನು ಕಳುಹಿಸುವದು. ಲೋಕದ ನಾನಾ ಕಡೆಗಳಲ್ಲಿರುವ ಹವ್ಯಾಸಿಗಳ ಯಂತ್ರಗಳು ಅದು ಗದ್ದಲದೊಡನೆ ಹೋಲಿಸಿದರೆ ಎಷ್ಟು ಕೇಳಿಸಿತೆಂಬುದನ್ನು ತಾವಾಗಿಯೇ ವರದಿ ಮಾಡುವವು. ಇಲ್ಲಿ ಪರೀಕ್ಷಕರು ದೂರದ ಅಪರಿಚಿತರು. ಅವರಿಗೆ ನಮ್ಮ ತಂತಿಯ ಮೇಲೆ ಮೋಹವಿಲ್ಲ.

6. ಎತ್ತರವು ಯಾವಾಗ ಬೇಕು, ಯಾವಾಗ ಬೇಡ?

40 ಮೀಟರ್ ಬ್ಯಾಂಡಿನಲ್ಲಿ ಡೈಪೋಲನ್ನು ಐದಾರು ಮೀಟರ್ ಎತ್ತರದಲ್ಲಿ ಕಟ್ಟಿದರೆ ಶಕ್ತಿಯ ಹೆಚ್ಚಿನ ಭಾಗವು ನೆತ್ತಿಯ ಕಡೆಗೆ ಏರಿ, ಮೇಲಿನ ಪದರಕ್ಕೆ ತಗಲಿ, ಕಾರಂಜಿಯ ನೀರಿನಂತೆ ಸುತ್ತಲೂ ಇಳಿಯುವದು. ಹಗಲಿನಲ್ಲಿ ಬೆಂಗಳೂರು, ಮಂಗಳೂರು, ಕಲಬುರ್ಗಿಗಳಂತೆ ಮುನ್ನೂರು ನಾಲ್ಕುನೂರು ಕಿಲೋಮೀಟರಿನೊಳಗಿನವರೊಡನೆ ಮಾತಾಡಲು ಇದೇ ಅನುಕೂಲ. ಪ್ರವಾಹಕಾಲದಲ್ಲಿ ಜಿಲ್ಲೆಜಿಲ್ಲೆಗಳ ನಡುವೆ ಸುದ್ದಿ ಮುಟ್ಟಿಸಲು ಬದುವಿನ ತಗ್ಗು ತಂತಿಯೇ ಸಾಕು. ಆದರೆ ಸಮುದ್ರದಾಚೆಯ ದೇಶದವರೊಡನೆ ಮಾತಾಡಬೇಕಾದರೆ ಅಲೆಯು ದಿಗಂತದ ಕಡೆಗೆ ಬಾಗಿ ಹೊರಡಬೇಕು. ಅದಕ್ಕೆ ಅರ್ಧ ತರಂಗಾಂತರದಷ್ಟು, ಅಂದರೆ ಸುಮಾರು 20 ಮೀಟರ್ ಎತ್ತರ ಬೇಕು. ಅಷ್ಟು ಎತ್ತರವು ಎಲ್ಲರಿಗೂ ಸಿಕ್ಕದು. 14 ಮೆಗಾಹರ್ಟ್ಸಿನಲ್ಲಿ ಅಲೆಯು ಅರ್ಧವಾಗುವದರಿಂದ 10 ಮೀಟರ್ ಎತ್ತರದ ಬೇವಿನ ಮರವೇ ಆ ಕೆಲಸವನ್ನು ಮಾಡುವದು.

ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರಗಳ 145 ಮೆಗಾಹರ್ಟ್ಸಿನ ಅಲೆಗಳು ಆ ಪದರಕ್ಕೆ ತಗಲಿ ಹಿಂದಿರುಗುವದಿಲ್ಲ. ಕಣ್ಣಿನ ನೋಟದಂತೆ ಬಹುಮಟ್ಟಿಗೆ ನೇರವಾಗಿ ಹೋಗುವವು. ಇಲ್ಲಿ ಎತ್ತರವೇ ಮುಖ್ಯ. ಏರಿಯಲ್ಲಿನ ಎತ್ತರದ ವರ್ಗಮೂಲವನ್ನು ಸುಮಾರು 4.1ರಿಂದ ಗುಣಿಸಿದರೆ ಅದರ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುವದು. 9 ಮೀಟರಿಗೆ ಸುಮಾರು 12 ಕಿಲೋಮೀಟರ್. ಸುತ್ತಲಿನ ಬಯಲಿಗಿಂತ 100 ಮೀಟರ್ ಎತ್ತರದ ಗುಡ್ಡಕ್ಕೆ ಸುಮಾರು 41.

ಆದರೆ ದೂರದ ಸ್ಥಳಕ್ಕೆ ಕೇಬಲಿನ ಸುಂಕವುಂಟು. ಸಾಧಾರಣ ತೆಳ್ಳಗಿನ ಕೋಯಾಕ್ಸ್ ಕೇಬಲನ್ನು 30 ಮೀಟರ್ ಎಳೆದರೆ 7 ಮೆಗಾಹರ್ಟ್ಸಿನಲ್ಲಿ ಸುಮಾರು ನಾಲ್ಕನೇ ಒಂದು ಪಾಲು ಶಕ್ತಿ ದಾರಿಯಲ್ಲಿಯೇ ನಷ್ಟವಾಗುವದು. 145 ಮೆಗಾಹರ್ಟ್ಸಿನಲ್ಲಿ ಸುಮಾರು ಮುಕ್ಕಾಲು ಪಾಲು. ತಗಡಿನ ಕೊಟ್ಟಿಗೆಗೆ ತೀರ ಹತ್ತಿರ ಕಟ್ಟಿದ ತಂತಿಯ ಅಳತೆಯೂ ಕೆಡುವದು.

7. ಜೀವಕ್ಕಿಂತ ತಂತಿ ಹೆಚ್ಚಲ್ಲ

ಗಳವು ಯಾವ ಕಡೆಗೆ ಬಿದ್ದರೂ ವಿದ್ಯುತ್ ತಂತಿಗೆ ತಗಲದಷ್ಟು ದೂರದಲ್ಲಿ ಅದನ್ನು ನೆಡಬೇಕು. ಏರಿಯಲ್ಲನ್ನು ವಿದ್ಯುತ್ ತಂತಿಯ ಮೇಲಾಗಲಿ ಕೆಳಗಾಗಲಿ ಹಾಯಿಸಬಾರದು. ಮುಂಗಾರಿಗೆ ಮುಂಚಿನ ಗುಡುಗುಮಳೆಯು ಕವಿಯುವದಕ್ಕೆ ಮೊದಲೇ ಕೇಬಲನ್ನು ಯಂತ್ರದಿಂದ ಬಿಡಿಸಿ ಮನೆಯ ಹೊರಗೆ ನೆಲಕ್ಕೆ ಅರ್ಥಿಂಗ್ ಮಾಡಿರಬೇಕು; ಮಿಂಚು ಹೊಡೆಯತೊಡಗಿದ ಮೇಲೆ ಅದನ್ನು ಮುಟ್ಟಬಾರದು. ಮರ ಹತ್ತುವಾಗ ಕೆಳಗೆ ಒಬ್ಬರು ದೊಡ್ಡವರು ನಿಂತಿರಬೇಕು. ಪರವಾನಿಗೆಯಿಲ್ಲದೆ ಯಾರೂ ಧ್ವನಿಯನ್ನು ಕಳುಹಿಸಬಾರದು. ಸರಕಾರದ ಪರೀಕ್ಷೆಗೆ 12 ವರ್ಷ ತುಂಬಿದ ಮಕ್ಕಳೂ ಕೂಡ್ರಬಹುದು.

8. ತಂದೆತಾಯಿಗಳಿಗೆ ಒಂದು ಮಾತು

‘ಮೊಬೈಲ್ ಇರುವಾಗ ಈ ತಂತಿಗಳೇಕೆ? ಅದೂ ಹೆಣ್ಣುಮಕ್ಕಳು ಮಾಳಿಗೆ ಹತ್ತುವದೇಕೆ?’ ಎಂದು ಕೇಳುವವರಿದ್ದಾರೆ. ಮೊಬೈಲು ಗೋಪುರವನ್ನು ನಂಬಿದೆ, ಗೋಪುರವು ವಿದ್ಯುತ್ತನ್ನು ನಂಬಿದೆ. 2009ರಲ್ಲಿಯೂ 2019ರಲ್ಲಿಯೂ ಉತ್ತರ ಕರ್ನಾಟಕವು ಕಂಡ ಪ್ರವಾಹಗಳನ್ನು ನೆನಸಿರಿ. ಅಂಥ ದಿನಗಳಲ್ಲಿ ಮೊದಲು ಮುರಿಯುವದು ಇಂಥ ಸರಪಳಿಯೇ. 2004ರ ಡಿಸೆಂಬರದಲ್ಲಿ ಶ್ರೀಮತಿ ಭಾರತಿ ಪ್ರಸಾದ ಎಂಬ ಹವ್ಯಾಸಿಯು ತಮ್ಮ ಸಂಗಡಿಗರೊಡನೆ ಅಂಡಮಾನದ ಪೋರ್ಟ್ ಬ್ಲೇರಿನಲ್ಲಿ ರೇಡಿಯೋ ಕೇಂದ್ರವನ್ನು ನಡಿಸುತ್ತಿದ್ದರು. ಆ ತಿಂಗಳ 26ರಂದು ಭೂಕಂಪವೂ ಸುನಾಮಿಯೂ ಬಂದು ಟೆಲಿಫೋನುಗಳು ಕೆಟ್ಟುಹೋದಾಗ, ಆ ಕೇಂದ್ರದಿಂದಲೇ ದ್ವೀಪದವರ ಕ್ಷೇಮಸಮಾಚಾರವು ದೇಶದ ನೆಲವನ್ನು ಮುಟ್ಟಿತು. ಆ ದಿವಸ ಅವರ ತಂತಿಯು ಕೆಲಸ ಮಾಡಿದ್ದು ಅದೃಷ್ಟದಿಂದಲ್ಲ. ಆಪತ್ತು ಬರುವ ಮೊದಲೇ ಅದನ್ನು ಕಟ್ಟಿ, ಪರೀಕ್ಷಿಸಿ, ದಿನವೂ ಉಪಯೋಗಿಸುತ್ತಿದ್ದದರಿಂದ.

ಮಗಳು ಹತ್ತಿಪ್ಪತ್ತು ಮೀಟರ್ ತಂತಿ ಕೇಳಿದರೆ ಕೊಡಿಸಿರಿ. ಗಳ ಹಿಡಿಯಲು ಕರೆದರೆ ಹೋಗಿ ಹಿಡಿಯಿರಿ. ‘ಎತ್ತರವೇ ಮೇಲೆಂದು ಎಲ್ಲರೂ ಹೇಳುತ್ತಾರೆ, ಆದರೆ ನನ್ನ ಲೆಕ್ಕದಲ್ಲಿ ಬದುವೇ ಗೆದ್ದಿದೆಯಪ್ಪಾ’ ಎಂದು ಅವಳು ನೋಟುಬುಕ್ಕು ತಂದು ತೋರಿಸಿದರೆ, ನಗದೆ ಅಂಕೆಗಳನ್ನು ಅವಳ ಜೊತೆಯಲ್ಲಿ ಕೂತು ಓದಿರಿ. ಹಿರಿಯರ ಮಾತಿಗೂ ಸ್ವಂತ ಆಸೆಗೂ ಮರುಳಾಗದೆ ಕಂಡದ್ದನ್ನು ಕಂಡಂತೆ ಬರೆಯುವ ಅಭ್ಯಾಸವು ಒಮ್ಮೆ ಬಂದರೆ, ಅದು ರೇಡಿಯೋದ ಕೋಣೆಯಲ್ಲಿ ಮಾತ್ರ ಉಳಿಯುವದಿಲ್ಲ. ಔಷಧದ ಜಾಹೀರಾತನ್ನು ಓದುವಾಗಲೂ ಬೀಜ ಕೊಳ್ಳುವಾಗಲೂ ನೆರೆಯವರ ಸುದ್ದಿಯನ್ನು ನಂಬುವಾಗಲೂ ಅವಳು ಕೇಳುವ ಪ್ರಶ್ನೆ ಒಂದೇ: ಇದನ್ನು ಯಾವದರೊಡನೆ ಹೋಲಿಸಿದರು? ಉಳಿದದ್ದೆಲ್ಲ ಸಮನಾಗಿತ್ತೇ?

ಅಭ್ಯಾಸ

1. 14.2 ಮೆಗಾಹರ್ಟ್ಸಿನ ಡೈಪೋಲಿನ ಉದ್ದವೆಷ್ಟು? ಒಂದೊಂದು ತೋಳು ಎಷ್ಟು?

2. ಮರದ ಮೇಲೆ ಧ್ವನಿ 7, ಗದ್ದಲ 5. ಬದುವಿನಲ್ಲಿ ಧ್ವನಿ 6, ಗದ್ದಲ 3. ಕೇಳುವದಕ್ಕೆ ಯಾವದು ಮೇಲು? ಹೇಳುವದಕ್ಕೆ ಯಾವದು?

3. 16 ಮೀಟರ್ ಎತ್ತರದ ಗಳದಿಂದ 145 ಮೆಗಾಹರ್ಟ್ಸಿನ ದಿಗಂತವು ಸುಮಾರು ಎಷ್ಟು ಕಿಲೋಮೀಟರ್?

4. ನಿಮ್ಮ ಮನೆಯ ಸುತ್ತ ನಡೆದು, ಅತ್ಯಂತ ಎತ್ತರದ ಸ್ಥಳವನ್ನೂ ಅತ್ಯಂತ ಗದ್ದಲವಿಲ್ಲದ ಸ್ಥಳವನ್ನೂ ಗುರುತಿಸಿರಿ. ಒಂದು ಚಿಕ್ಕ ಬ್ಯಾಟರಿ ರೇಡಿಯೋವನ್ನು ಮಧ್ಯಮ ತರಂಗದಲ್ಲಿ ಯಾವ ನಿಲಯವೂ ಇಲ್ಲದ ಕಡೆಗೆ ತಿರುಗಿಸಿ, ಕೈಯಲ್ಲಿ ಹಿಡಿದು ನಡೆದರೆ ಗದ್ದಲವು ಎಲ್ಲಿ ಏರುವದು, ಎಲ್ಲಿ ಇಳಿಯುವದು ಎಂಬುದು ತಾನೇ ತಿಳಿಯುವದು.